ಚೆಲ್ಲೋ ಒಂಟಿಯಾಗುವ ಹೊತ್ತು

ಪ್ರಿಯ ರಘು,

"ಚೆಲ್ಲೋ ಅಂದ್ರೆ ದೊಡ್ಡ ಪಿಟೀಲು ಅಲ್ವಾ?" ಅಂತ ಹೋದ ಪತ್ರದಲ್ಲಿ ನೀನು ಕೇಳಿದ್ದೆ. ನೋಡೋಕೆ ಹಾಗೇ ಇದೆ. ಆದರೆ ಅದರ ದನಿ ಗಂಡಸಿನ ಗಂಟಲಿಗೆ ತುಂಬ ಹತ್ತಿರ. ರಷ್ಯಾದ ಸಂಗೀತ ರಚನೆಕಾರ ಶೊಸ್ತಕೋವಿಚ್ ಅವರ ಮೊದಲ ಚೆಲ್ಲೋ ಕನ್ಚೆರ್ಟೊ, ಅಂದ್ರೆ ಚೆಲ್ಲೋ ಮುಂದೆ ನಿಂತು ವಾದ್ಯವೃಂದದ ಜೊತೆ ನುಡಿಸುವ ಕೃತಿ, ಕೇಳು, ಗೊತ್ತಾಗುತ್ತದೆ.

1959ರಲ್ಲಿ ಬರೆದದ್ದು, ಚೆಲ್ಲೋ ವಾದಕ ರೊಸ್ತ್ರೊಪೋವಿಚ್ ಅವರಿಗಾಗಿ. ಅವರಿಗೆ ಇಂಥದ್ದೊಂದು ಕೃತಿ ಬೇಕು ಅಂತ ಬಹಳ ಆಸೆ ಇತ್ತಂತೆ. "ಅವರು ಬರೆಯಬೇಕು ಅಂತಿದ್ದರೆ ಆ ಮಾತನ್ನೇ ಎತ್ತಬೇಡಿ" ಅಂತ ಶೊಸ್ತಕೋವಿಚ್ ಅವರ ಹೆಂಡತಿ ನೀನಾ ತಡೆದಿದ್ದರಂತೆ. ಕಾದರು. ಕೈಗೆ ಬಂದ ಮೇಲೆ ನಾಲ್ಕೇ ದಿನದಲ್ಲಿ ಬಾಯಿಪಾಠ ಮಾಡಿ, ಬರೆದವರ ಮುಂದೆಯೇ ಹಾಳೆ ನೋಡದೆ ನುಡಿಸಿದರು! ಅಕ್ಟೋಬರ್ 4ರಂದು ಲೆನಿನ್‌ಗ್ರಾಡ್‌ನಲ್ಲಿ ಮ್ರವಿನ್‌ಸ್ಕಿ ನಿರ್ದೇಶನದಲ್ಲಿ ಮೊದಲ ಕಚೇರಿ ಆಯಿತು.

ಶುರುವಿನಲ್ಲೇ ಚೆಲ್ಲೋ ನಾಲ್ಕು ಸ್ವರ ಹಿಡಿಯುತ್ತದೆ. ಹಟ ಹಿಡಿದ ಮಗುವಿನ ಹಾಗೆ ಅದನ್ನೇ ಮತ್ತೆ ಮತ್ತೆ ಹೇಳುತ್ತದೆ. ಇಡೀ ವಾದ್ಯವೃಂದದಲ್ಲಿ ಊದುವ ಹಿತ್ತಾಳೆ ವಾದ್ಯ ಒಂದೇ ಒಂದು, ಹಾರ್ನ್. ಚೆಲ್ಲೋಗೆ ಅದೇ ಗೆಳೆಯ, ಅದೇ ಎದುರಾಳಿ.

ಎರಡನೇ ಭಾಗ ನಿಧಾನ. ಅದರ ಕೊನೆಯಲ್ಲಿ ಚೆಲ್ಲೋ ತಂತಿಯನ್ನು ಬರೀ ಮುಟ್ಟಿ ಸಿಳ್ಳೆಯಂಥ ತೆಳು ಸ್ವರ ತೆಗೆಯುತ್ತದೆ, ಚೆಲೆಸ್ಟಾ ಅನ್ನೋ ಪುಟ್ಟ ಪಿಯಾನೋದಂಥ ವಾದ್ಯ ಸಣ್ಣ ಗಂಟೆಗಳ ಹಾಗೆ ಉತ್ತರ ಕೊಡುತ್ತದೆ. ಆಮೇಲೆ ಎಲ್ಲರೂ ಸುಮ್ಮನಾಗುತ್ತಾರೆ. ಮೂರನೇ ಭಾಗ ಪೂರ್ತಿ ಚೆಲ್ಲೋ ಒಂದೇ. ಐದಾರು ನಿಮಿಷ. ಮೊದಲು ತಡವರಿಸುತ್ತದೆ, ನಡುವೆ ಬೆರಳಿನಿಂದ ತಂತಿ ಮೀಟಿ ನಿಲ್ಲುತ್ತದೆ. ಏನೋ ನೆನಪು ಮಾಡಿಕೊಂಡವರ ಹಾಗೆ ಮತ್ತೆ ಶುರು. ಬರಬರುತ್ತಾ ವೇಗ ಏರಿ, ಉಸಿರು ಬಿಡದೆ ಕೊನೆಯ ಭಾಗಕ್ಕೆ ನುಗ್ಗುತ್ತದೆ. ನನಗೆ ಇಡೀ ಕೃತಿಯ ಜೀವ ಇರುವುದು ಇಲ್ಲೇ. ಜೊತೆಗೆ ಯಾರೂ ಇಲ್ಲದಾಗ ಮನುಷ್ಯ ತನಗೆ ತಾನೇ ಮಾತಾಡಿಕೊಳ್ಳುವುದನ್ನು ಇಷ್ಟು ನಿಜವಾಗಿ ನಾನು ಬೇರೆಲ್ಲೂ ಕೇಳಿಲ್ಲ.

ಕೊನೆಯ ಭಾಗದಲ್ಲಿ ಒಂದು ಗುಟ್ಟಿದೆ. ಸ್ಟಾಲಿನ್‌ಗೆ ಇಷ್ಟವಾಗಿದ್ದ "ಸುಲಿಕೋ" ಹಾಡಿನ ಚೂರೊಂದನ್ನು ಶೊಸ್ತಕೋವಿಚ್ ತಿರುಚಿ ಅಲ್ಲಿ ಬಚ್ಚಿಟ್ಟಿದ್ದಾರೆ. ರೊಸ್ತ್ರೊಪೋವಿಚ್ ಅವರಿಗೂ ಅದು ಹೊಳೆದಿರಲಿಲ್ಲ, ಶೊಸ್ತಕೋವಿಚ್ ಅವರೇ ತೋರಿಸಬೇಕಾಯಿತು. 1948ರಲ್ಲಿ ಸ್ಟಾಲಿನ್ ಸರ್ಕಾರ ಇವರ ಸಂಗೀತವನ್ನು ಬಹಿರಂಗವಾಗಿ ಖಂಡಿಸಿತ್ತು, ಕೆಲಸವನ್ನೂ ಕಿತ್ತುಕೊಂಡಿತ್ತು. ಆ ನೋವು ಎಲ್ಲಿ ಹೋಗುತ್ತದೆ ಹೇಳು?

ಮೊದಲ ಸಲ ರೊಸ್ತ್ರೊಪೋವಿಚ್ ನುಡಿಸಿದ್ದನ್ನೇ ಕೇಳು. ಒಟ್ಟು ಅರ್ಧ ಗಂಟೆಯೂ ಇಲ್ಲ. ರಾತ್ರಿ, ಹೆಡ್‌ಫೋನ್ ಹಾಕಿಕೊಂಡು. ಕೊನೆಗೆ ಟಿಂಪನಿಯ, ಅಂದ್ರೆ ನಗಾರಿಯಂಥ ದೊಡ್ಡ ವಾದ್ಯದ, ಏಳು ಏಟು ಬೀಳುವವರೆಗೂ ಏಳಬೇಡ. ಆಮೇಲೆ ಎಷ್ಟೇ ಹೊತ್ತಾಗಿರಲಿ, ಫೋನ್ ಮಾಡು.

ನಿನ್ನ,
ಶ್ರೀಧರ