ಹತ್ತು ದಿನದ ಶಿಬಿರಕ್ಕೆ ದಕ್ಕದ ತೈಲವರ್ಣ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಹಾಸನ, ಚಿಕ್ಕಮಗಳೂರಿನಲ್ಲಿ ಮಕ್ಕಳಿಗೆ ತೈಲವರ್ಣ ಶಿಬಿರಗಳು ನಡೆಯುತ್ತವೆ. ಮೊಬೈಲಿನಲ್ಲಿ ಇಟಲಿಯ ಹಳೆಯ ಚಿತ್ರಕಾರ ರಫೇಲನ ಮಾತೆ ಮರಿಯಳ ಚಿತ್ರ ತೋರಿಸಿ, ಹತ್ತೇ ದಿನದಲ್ಲಿ ನಕಲು ಮುಗಿಸಿ ಪ್ರದರ್ಶನಕ್ಕಿಡುವುದು ರೂಢಿ. ಹಳೆಯ ಕಲಾವಿದರನ್ನು ನಕಲು ಮಾಡಿ ಕಲಿಯುವುದು ಒಳ್ಳೆಯ ದಾರಿಯೇ. ಆದರೆ ಪದರ ಪದರವಾಗಿ ಕಟ್ಟಿದ ಚಿತ್ರದ ಮೇಲ್ಬಣ್ಣವನ್ನಷ್ಟೇ ನಕಲಿಸಿದರೆ ಕೈಗೆ ಬರುವುದು ಕೆಸರುಬಣ್ಣದ ಮುಖ.

ಫ್ಲಾರೆನ್ಸಿನ ಪಿಟ್ಟಿ ಅರಮನೆಯಲ್ಲಿರುವ ರಫೇಲನ ‘ಗ್ರಾಂದೂಕಾ ಮಡೋನ್ನಾ’ವನ್ನೇ ನೋಡಿ. 1505ರ ಸುಮಾರಿನದು: ಮಗುವನ್ನೆತ್ತಿಕೊಂಡ ತಾಯಿ, ಹಿಂದೆ ಬರೀ ಕಪ್ಪು. ಮಕ್ಕಳು ಮೊದಲು ಆ ಕಪ್ಪನ್ನೇ ಬಳಿಯುತ್ತಾರೆ. ಎಕ್ಸ್‌ರೇಯಲ್ಲಿ ಅದರಡಿ ಕಿಟಕಿಯಿರುವ ಕೋಣೆ ಕಂಡಿದೆ; ಕಪ್ಪು ಆಮೇಲೆ ಬಂದದ್ದು. ಟ್ಯೂಬಿನ ಕಪ್ಪು, ಎಣ್ಣೆ ಜಾಸ್ತಿ ಹೀರುವ, ನಿಧಾನ ಒಣಗುವ ಬಣ್ಣ. ಅದನ್ನು ಅಡಿಗೆ ಹಾಕಿ ಮೇಲೆ ಬೇಗ ಒಣಗುವ ಬಣ್ಣ ಹಚ್ಚಿದರೆ ಮೇಲಿನ ಪದರ ಬಿರುಕು ಬಿಡುತ್ತದೆ.

ಇಡೀ ಚಿತ್ರ ಬೇಡ, ತಾಯಿಯ ಮುಖ ಒಂದೇ ಸಾಕು. 12x16 ಇಂಚಿನ ಕ್ಯಾನ್ವಾಸಿಗೆ ಅಂಗಡಿಯ ಲೇಪನದ ಮೇಲೆ ಇನ್ನೆರಡು ಕೋಟ್ ಜೆಸ್ಸೊ (ಬಣ್ಣಕ್ಕೆ ಮುನ್ನ ಹಚ್ಚುವ ಬಿಳಿ ಲೇಪನ) ಹಚ್ಚಿ, ನಯವಾದ ಉಪ್ಪುಕಾಗದದಿಂದ ಉಜ್ಜಬೇಕು. ನೋಡಿ ಬರೆಯಲು ಮೊಬೈಲಲ್ಲ, ಒಳ್ಳೆಯ ಪ್ರಿಂಟ್ ಇರಲಿ. ಚೌಕ ಎಳೆದು ರೇಖೆ ಮೂಡಿಸಿದ ಮೇಲೆ, ಟರ್ಪೆಂಟೈನಿನಲ್ಲಿ ನೀರಾಗಿಸಿದ ಬರ್ನ್ಟ್ ಅಂಬರ್ (ಕಡು ಕಂದು) ಬಳಿದು ಬಟ್ಟೆಯಿಂದ ಒರೆಸಿ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಒಂದೆರಡು ದಿನಕ್ಕೇ ಒಣಗುತ್ತದೆ.

ಇನ್ನು ಮುಖ್ಯ ಕೆಲಸ. ಬಿಳಿ, ಅಂಬರ್, ಸ್ವಲ್ಪ ಟೆರ್ ವರ್ಟ್ (ಮಣ್ಣಿನ ಹಸಿರು) ಕಲಸಿದರೆ ಹಸಿರು ಛಾಯೆಯ ಬೂದು ಸಿಗುತ್ತದೆ. ಇಡೀ ಮುಖವನ್ನು ಆ ಬೂದಿನಲ್ಲೇ ಮುಗಿಸಬೇಕು. ಬೇಲೂರಿನ ಮದನಿಕೆಯ ಮುಖ ನೆನಪಿಸಿಕೊಳ್ಳಿ: ಬಳಪದ ಕಲ್ಲಿಗೆ ಬಣ್ಣವಿಲ್ಲ, ಆದರೂ ಕೆನ್ನೆ ಹೊರಳುವ ಜಾಗ, ತುಟಿಯ ಕೆಳಗಿನ ಸಣ್ಣ ನೆರಳು ಎಲ್ಲ ಸ್ಪಷ್ಟ. ಕ್ಯಾನ್ವಾಸಿನ ಮುಖವೂ ಅಷ್ಟು ತುಂಬಿಕೊಳ್ಳುವವರೆಗೆ ಕೆಂಪು ಮುಟ್ಟಬಾರದು. ಮೂಗಿನ ನೆರಳು ಇಲ್ಲಿ ತಪ್ಪಿದರೆ ಮುಂದೆ ಯಾವ ಬಣ್ಣವೂ ಅದನ್ನು ಸರಿ ಮಾಡಲಾರದು.

ವಾರ ಬಿಟ್ಟು, ಬೆರಳಿಗೆ ಅಂಟದಿದ್ದರೆ, ಓಕರ್ (ಮಣ್ಣಿನ ಹಳದಿ), ಕೆಂಪು, ಬಿಳಿಯ ತೆಳು ಪದರ ಹಾಕಿ. ದವಡೆಯ ಅಂಚಿನಲ್ಲಿ, ಕಣ್ಣಿನ ಕೆಳಗೆ ಬೂದುಹಸಿರು ಇಣುಕುತ್ತಿರಲಿ. ಚರ್ಮಕ್ಕೆ ಜೀವ ಬರುವುದು ಅಲ್ಲೇ. ಟ್ಯೂಬಿನ ‘ಫ್ಲೆಶ್ ಟಿಂಟ್’ ಒಂದನ್ನೇ ಬಳಿದರೆ ಮುಖ ಪ್ಲಾಸ್ಟಿಕ್ ಗೊಂಬೆಯಾಗುತ್ತದೆ. ನೀಲಿ ಹೊದಿಕೆಗೆ ಆಗ ಅಫ್ಘಾನಿಸ್ತಾನದ ಲಾಜವರ್ದದ ಕಲ್ಲು ಅರೆದು ಬಳಸುತ್ತಿದ್ದರು. ನಮಗೆ ಅಲ್ಟ್ರಾಮರೀನ್ ಟ್ಯೂಬ್ ಸಾಕು.

ಎಣ್ಣೆಯ ಲೆಕ್ಕ ತಪ್ಪಬಾರದು. ಮೊದಲ ಪದರಕ್ಕೆ ಟರ್ಪೆಂಟೈನ್ ಮಾತ್ರ. ನಂತರ ಎರಡು ಪಾಲು ಟರ್ಪೆಂಟೈನಿಗೆ ಒಂದು ಪಾಲು ಲಿನ್ಸೀಡ್ (ಅಗಸೆ) ಎಣ್ಣೆ, ಕೊನೆಗೆ ಸಮಪಾಲು. ಖರ್ಚು ಉಳಿಸಲು ಹಾರ್ಡ್‌ವೇರ್ ಅಂಗಡಿಯ ಥಿನ್ನರ್ ಕೊಡುವುದನ್ನು ದಯವಿಟ್ಟು ನಿಲ್ಲಿಸಿ, ಅದು ಅಡಿಪದರವನ್ನೇ ಕರಗಿಸುತ್ತದೆ.

ಎಣ್ಣೆಬಣ್ಣ ನೀರಿನಂತೆ ಆರುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಮೇ ಕೊನೆಗೆ ಮುಗಿದ ಚಿತ್ರ ನೇರ ಮಳೆಗಾಲಕ್ಕೆ ಸಿಕ್ಕುತ್ತದೆ. ಮಲೆನಾಡಿನ ಥಂಡಿಗೆ, ಬೆಳಕಿಲ್ಲದ ಕೋಣೆಯಲ್ಲಿ ಒಣಗುವುದು ತಡವಾಗುತ್ತದೆ, ಕ್ಯಾನ್ವಾಸು ಸಡಿಲವಾಗುತ್ತದೆ, ಗೋಡೆಗೆ ಆನಿಸಿಟ್ಟರೆ ಹಿಂದೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಆಯೋಜಕರಲ್ಲಿ ಒಂದೇ ವಿನಂತಿ: ದೀಪಾವಳಿ ಕಳೆದ ಮೇಲೆ ಶುರುಮಾಡಿ, ವಾರಕ್ಕೊಂದು ತರಗತಿಯಂತೆ ಯುಗಾದಿಯವರೆಗೆ ನಡೆಸಿ. ಪದರದಿಂದ ಪದರಕ್ಕೆ ಬೇಕಾದ ಬಿಡುವು ತಾನಾಗಿಯೇ ಸಿಗುತ್ತದೆ. ವಾರ್ನಿಷ್ ಮಾತ್ರ ಕನಿಷ್ಠ ಆರು ತಿಂಗಳ ನಂತರ.

ಶಿಬಿರ ಯಾವಾಗಲೇ ಇರಲಿ, ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆಗಳನ್ನು ಮೂಲೆಯಲ್ಲಿ ಗುಡ್ಡೆ ಹಾಕಬೇಡಿ. ಒಳಗೇ ಕಾವು ಏರಿ ತಾನಾಗಿ ಹೊತ್ತಿಕೊಳ್ಳುತ್ತವೆ. ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ ಆಮೇಲೆ ಕೋಣೆಗೆ ಬೀಗ ಹಾಕಿ.

– ಚಿತ್ರಕಲಾ ಶಿಕ್ಷಕರು, ಹಾಸನ