ಕಾಂಬ್ಳಿ ವಿಡಿಯೊ ಬಗ್ಗೆ

ಗೆಳೆಯರೇ, ನಿನ್ನೆ ರಾತ್ರಿಯಿಂದ ಗುಂಪಲ್ಲಿ ಮಾಜಿ ಕ್ರಿಕೆಟಿಗ ವಿನೋದ್ ಕಾಂಬ್ಳಿಯ ಹಳೇ ವಿಡಿಯೊ ಮತ್ತೆ ಓಡಾಡ್ತಿದೆ, ಕೆಳಗೆ ನಗುವ ಇಮೋಜಿಗಳ ಸಾಲು. ದಯವಿಟ್ಟು ಸಾಕು ಮಾಡಿ. ಅದು 2024ರ ಡಿಸೆಂಬರ್‌ನದು, ಶಿವಾಜಿ ಪಾರ್ಕ್‌ನಲ್ಲಿ ಕಾಂಬ್ಳಿ, ಸಚಿನ್ ಇಬ್ಬರಿಗೂ ಕ್ರಿಕೆಟ್ ಕಲಿಸಿದ ಗುರು ಆಚ್ರೇಕರ್ ಸ್ಮಾರಕದ ಅನಾವರಣ. ಹಿಡಿದ ಸಚಿನ್ ಕೈ ಬಿಡೋಕೆ ಮನಸ್ಸಿಲ್ಲ ಕಾಂಬ್ಳಿಗೆ. ಅದೇ ತಿಂಗಳು ಆಸ್ಪತ್ರೆ ಸೇರಿದರು. ಕುಡಿತದ ಚಟವನ್ನ ಅವರೇ ಒಪ್ಪಿಕೊಂಡಿದ್ದಾರೆ, ನಾವು ಹೊಸದಾಗಿ ಪತ್ತೆ ಮಾಡೋದೇನಿಲ್ಲ.

2007ರ ವಿಶ್ವಕಪ್ ನಡುವೆ ರಾತ್ರಿ ಕುಡಿದು ಪೆಡಲ್ ದೋಣಿ ಹತ್ತಿದ ಇಂಗ್ಲೆಂಡ್ ಆಟಗಾರ ಫ್ಲಿಂಟಾಫ್‌ಗೆ ಉಪನಾಯಕತ್ವ ಹೋಯ್ತು. ಅದು ತಂಡದ ಶಿಸ್ತಿನ ವಿಷಯ, ಬೈಯಿರಿ, ಬೇಡ ಅನ್ನಲ್ಲ. ಕಾಂಬ್ಳಿಯದು ಕಾಯಿಲೆ.

ಅಂದಹಾಗೆ, 1993ರ ಟೆಸ್ಟ್‌ಗಳಲ್ಲಿ ಕಾಂಬ್ಳಿ ಹೊಡೆದ ಆ 224, 227 ರನ್‌ಗಳ ಕ್ಲಿಪ್ ಯಾರ ಹತ್ರ ಇದ್ದರೂ ಹಾಕಿ. ಶಿವಾಜಿ ಪಾರ್ಕ್ ವಿಡಿಯೊ ಹಾಕಿದವರು ತಾವೇ ಡಿಲೀಟ್ ಮಾಡಿ, ಸಂಜೆವರೆಗೆ ಕಾಯ್ತೀನಿ.

ಅಡ್ಮಿನ್