ಮಗಳಿಗೊಂದು ಪತ್ರ: ರಾಘವಾಂಕ ಜನ್ನ

ಕೋಲಾರ

ಪ್ರೀತಿಯ ಮಗಳೇ,

ಮಗನಿಗೆ ಎರಡು ಹೆಸರು ಬೇಕು, ಎರಡೂ ಹಳೆಯ ಕಾವ್ಯದಿಂದ ಬರಬೇಕು ಅಂತ ಬರೆದಿದ್ದೀಯ. ಓದಿ ತುಂಬಾ ಖುಷಿಯಾಯಿತು. ನಿನ್ನ ಪಟ್ಟಿಯಲ್ಲಿರುವ ನೃಪತುಂಗ ಬೇಡ ಕಣಮ್ಮ. ದೊಡ್ಡ ಹೆಸರು ನಿಜ, ಆದರೆ ಬೀದಿಯಲ್ಲಿ ಆಡುವ ಮಗುವನ್ನು ಊಟಕ್ಕೆ ಕೂಗಲು ಕಷ್ಟ.

ರಾಘವಾಂಕ ನನಗೆ ಇಷ್ಟ. ರಾಜ್ಯ ಹೋದರೂ, ಹೆಂಡತಿ ಮಗನನ್ನು ಮಾರಬೇಕಾಗಿ ಬಂದರೂ, ಸುಡುಗಾಡು ಕಾದರೂ ಸುಳ್ಳು ಹೇಳದ ಹರಿಶ್ಚಂದ್ರನ ಕಥೆಯನ್ನು ಷಟ್ಪದಿಯಲ್ಲಿ ಹಾಡಿದ ಕವಿ. ಅವನು ಹರಿಹರ ಕವಿಯ ಸೋದರಳಿಯ, ಶಿಷ್ಯ ಕೂಡ. ಇದನ್ನು ಕೇಳಿದ್ದೇ ತಡ, ಸೋದರಮಾವನಾದ ನಿನ್ನ ಅಣ್ಣ ಆಗಲೇ ಮಗುವನ್ನು ರಾಘವಾಂಕ ಅಂತ ಕರೆಯುತ್ತಿದ್ದಾನೆ.

ಜನ್ನನ ಮೇಲೆ ನನಗೆ ಪ್ರೀತಿ ಇನ್ನೂ ಜಾಸ್ತಿ. 1209ರಲ್ಲಿ ಯಶೋಧರ ಚರಿತೆ ಬರೆದವನು. ಅದರಲ್ಲಿ ಯಶೋಧರ ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಹಿಟ್ಟಿನದಾದರೇನು, ಕಡಿಯುವ ಕೈ ನಿಜದ್ದೇ ಅಲ್ವಾ? ಅಷ್ಟಕ್ಕೇ ತಾಯಿ ಮಗ ಇಬ್ಬರೂ ಪ್ರಾಣಿ ಪಕ್ಷಿಗಳಾಗಿ ಹುಟ್ಟಿ ಹುಟ್ಟಿ ನೋಯುತ್ತಾರೆ. ಇಂಥ ಕಥೆ ಹೇಳಿದವನ ಹೆಸರು ನನ್ನ ಮೊಮ್ಮಗನಿಗೆ ಇರಬೇಕು ಅಂತ ನನ್ನ ಆಸೆ. ಎರಡೇ ಅಕ್ಷರ, ಕರೆಯಲು ಸಲೀಸು. ಮುಳಬಾಗಿಲಿನ ನಿಮ್ಮತ್ತೆ ಮನೆಯಲ್ಲಿ ತೆಲುಗು ಮಾತಾಡುತ್ತಾರೆ. ತಿಕ್ಕನ, ಎರ್ರನ ಅಂತ ಕವಿಗಳ ಹೆಸರು ಕೇಳಿದ ಕಿವಿಗೆ ಜನ್ನ ಹೊರಗಿನದು ಅನ್ನಿಸುವುದಿಲ್ಲ.

ಹಾಗಾಗಿ ಮೊದಲು ರಾಘವಾಂಕ, ನಡುವೆ ಜನ್ನ ಇಡು. ಕುವೆಂಪು ಮಗನಿಗೆ ಪೂರ್ಣಚಂದ್ರ ತೇಜಸ್ವಿ ಅಂತ ಇಟ್ಟರು, ನಾಡು ಕರೆದದ್ದು ತೇಜಸ್ವಿ ಅಂತ. ನಿನ್ನ ಮಗನೂ ಎಲ್ಲರ ಬಾಯಲ್ಲಿ ಜನ್ನನೇ ಆಗಲಿ.

ಊರಿನ ಹೆಸರು ಎಲ್ಲಿ ಹೋಯಿತು ಅಂತ ನಿಮ್ಮಪ್ಪನ ಪ್ರಶ್ನೆ. ಅದು ಸರಿಯಾದ ಪ್ರಶ್ನೆ. ನಮ್ಮ ಕಡೆ ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ತನ್ನ ಹೆಸರು. ಮಾಲೂರು ತಾಲ್ಲೂಕಿನ ಮಾಸ್ತಿ ನಾಡಿಗೆಲ್ಲ ಗೊತ್ತಾಗಿದ್ದೇ ವೆಂಕಟೇಶ ಅಯ್ಯಂಗಾರ್ಯರ ಹೆಸರಿನ ಮುಂದೆ ನಿಂತು. ಡಿವಿಜಿ ಹುಟ್ಟಿದ್ದು ಮುಳಬಾಗಿಲಿನಲ್ಲಾದರೂ ಅವರ ‘ಡಿ’ ದೇವನಹಳ್ಳಿಯದು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಹೆಸರಿಗೆ ಒಂದು ಜಾಗ, ಸರ್‌ನೇಮ್‌ಗೆ ಒಂದು ಜಾಗ ಇರುತ್ತೆ. ಎರಡು ಹೆಸರನ್ನೂ ಮೊದಲನೆಯದರಲ್ಲಿ ಸೇರಿಸಿ, ಸರ್‌ನೇಮ್‌ಗೆ ಊರು ಬರೆಯಿರಿ. ರಾಘವಾಂಕ ಜನ್ನ ಮುಳಬಾಗಿಲು. ಅಳಿಯಂದಿರ ಹೆಸರಿಗೆ ಜನನ ಪ್ರಮಾಣಪತ್ರದಲ್ಲಿ ಬೇರೆ ಕಾಲಂ ಇದ್ದೇ ಇದೆ.

ಅವಸರ ಮಾಡಬೇಡಿ. ಜನನವನ್ನು 21 ದಿನದೊಳಗೆ ತಿಳಿಸಿದರೆ ಸಾಕು, ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಇಂಗ್ಲಿಷ್ ಸ್ಪೆಲಿಂಗ್ ಮಾತ್ರ ಈಗಲೇ ಒಂದು ಗೊತ್ತು ಮಾಡಿಕೊಳ್ಳಿ, ಆಧಾರ್‌ನಲ್ಲೂ ಅದೇ ಇರಲಿ. ನಕ್ಷತ್ರದ ಅಕ್ಷರಕ್ಕೆ ಬರುವ ಹೆಸರನ್ನು ಕಿವಿಯಲ್ಲಿ ಹೇಳೋಣ ಅಂತ ನಿಮ್ಮತ್ತೆಗೆ ತಿಳಿಸು, ಅವರ ಮನಸ್ಸಿಗೂ ಸಮಾಧಾನ.

ನಾಮಕರಣಕ್ಕೆ ಬರುವಾಗ ಎರಡೂ ಕಾವ್ಯಗಳನ್ನು ಗದ್ಯಾನುವಾದ ಇರುವ ಪುಸ್ತಕಗಳಲ್ಲೇ ತರುತ್ತೇನೆ. ನೀನೂ ಅಳಿಯಂದಿರೂ ಓದಿ. ‘ಜನ್ನ ಅಂದರೆ ಯಾರಮ್ಮ’ ಅಂತ ಅವನು ಕೇಳುವ ಹೊತ್ತಿಗೆ ಹಿಟ್ಟಿನ ಕೋಳಿಯ ಕಥೆ ನಿಮ್ಮಿಬ್ಬರಿಗೂ ಚೆನ್ನಾಗಿ ಬರಬೇಕು.

ನಿನ್ನ ಅಮ್ಮ